ಹಕ್ಕಲು ಆಯುವವರು: ಮಿಲೆಯ ಚಿತ್ರವೋ, ಬ್ರೆಟನ್ ಚಿತ್ರವೋ?

ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂಗೆ ಹೋಗಿದ್ದೀರಿ, ಟೈಮ್ ಕಮ್ಮಿ ಇದೆ. ಕೊಯ್ಲಾದ ಹೊಲದಲ್ಲಿ ಹಕ್ಕಲು (ಬಿದ್ದುಳಿದ ತೆನೆ) ಆಯುವ ಹೆಂಗಸರ ಎರಡು ಹೆಸರಾಂತ ಚಿತ್ರಗಳು ಅಲ್ಲಿವೆ: ಒಂದು ಫ್ರೆಂಚ್ ಕಲಾವಿದ ಮಿಲೆಯದು, ಇನ್ನೊಂದು ಅದೇ ಕಾಲದ ಫ್ರೆಂಚ್ ಕಲಾವಿದ ಬ್ರೆಟನ್‌ನದು. ಯಾವುದರ ಮುಂದೆ ಜಾಸ್ತಿ ಹೊತ್ತು ನಿಲ್ಲಬೇಕು?

ಜೂಲ್ ಬ್ರೆಟನ್ 1859ರಲ್ಲಿ ಬರೆದದ್ದು ತನ್ನೂರು ಕೂರಿಯೇರ್‌ನ ಸಂಜೆ. ಆಕಾಶದಲ್ಲಿ ಎಳೆ ಚಂದ್ರ. ಕಾವಲುಗಾರ ಕೂಗುತ್ತಿದ್ದಾನೆ, ಹೆಂಗಸರು ತೆನೆ ಹೊತ್ತು ಮನೆಗೆ ಹೊರಟಿದ್ದಾರೆ. ಚೆಂದ ಇದೆ. ಸ್ವಲ್ಪ ಜಾಸ್ತಿನೇ ಚೆಂದ! ಆಗಿನ ಫ್ರೆಂಚ್ ಚಕ್ರವರ್ತಿ ಮೂರನೇ ನೆಪೋಲಿಯನ್ ಇದನ್ನು ಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಮಿಲೆಯ 1857ರ ಚಿತ್ರದಲ್ಲಿ ಎದುರಿಗೆ ಮೂವರೇ. ಇಬ್ಬರ ಬೆನ್ನು ಪೂರ್ತಿ ಬಾಗಿದೆ, ಮುಖ ಸರಿಯಾಗಿ ಕಾಣುವುದಿಲ್ಲ. ಕೈಯಲ್ಲಿ ನಾಲ್ಕು ತೆನೆ. ದೂರದಲ್ಲಿ ದೊಡ್ಡ ಬಣವೆಗಳು, ಕುದುರೆ ಮೇಲೆ ಮೇಸ್ತ್ರಿ. ಬಡತನವನ್ನು ಹೀಗೆ ಎದುರಿಗಿಟ್ಟದ್ದು ಆಗಿನ ಕೆಲವು ವಿಮರ್ಶಕರಿಗೆ ಸಿಟ್ಟು ತರಿಸಿತ್ತು. ನೋಡುತ್ತಾ ನಿಂತರೆ ನಮ್ಮ ಸೊಂಟವೂ ಹಿಡಿದಂತಾಗುತ್ತದೆ. ನಾನಾದರೆ ಇಲ್ಲೇ ನಿಲ್ಲುತ್ತೇನೆ. ಸಂಜೆಯ ಬೆಳಕು ಸಾಕು ಅನ್ನುವವರಿಗೆ ಬ್ರೆಟನ್.