ಸೋಲಾರ್‌ಗೆ ಜಮೀನು ಕೊಡುವ ಮುಂಚೆ 16,000 ಕೊಟ್ಟು ಮಾಡಿಸಿದ ಪರಿಶೀಲನೆ: ನಮ್ಮ ಅನುಭವ

ನಮ್ಮದು ಹಿರಿಯೂರು ತಾಲ್ಲೂಕು. ಮೂರು ಸರ್ವೆ ನಂಬರ್‌ಗಳಲ್ಲಿ ಸೇರಿ 14 ಎಕರೆ 10 ಗುಂಟೆ. ಶಿವರಾತ್ರಿ ಹೊತ್ತಿಗೆ ಒಬ್ಬ ಏಜೆಂಟ್ ಮನೆಗೆ ಬಂದ. ಕೈಯಲ್ಲಿ ಬಾಂಡ್ ಪೇಪರ್ ಇತ್ತು, ಸೋಲಾರ್ ಕಂಪನಿಗೆ ಜಮೀನು ಬೇಕು, ಎಕರೆಗೆ ಇಷ್ಟು ಬಾಡಿಗೆ, ಈಗಲೇ ಸಹಿ ಮಾಡಿದರೆ ಟೋಕನ್ ಅಡ್ವಾನ್ಸ್ ಅಂದ. ತಮ್ಮ ಪೆನ್ನು ತೆಗೆದೇ ಬಿಟ್ಟಿದ್ದ. ಎರಡು ವರ್ಷ ಶೇಂಗಾ ಕೈಗೆ ಹತ್ತಿಲ್ಲ, ಈರುಳ್ಳಿ ಬೆಲೆ ಏನಾಯಿತು ಅಂತ ಎಲ್ಲರಿಗೂ ಗೊತ್ತು, ಅವನ ಆತುರಕ್ಕೆ ಕಾರಣ ಇತ್ತು. ನಾನು ಒಂದು ತಿಂಗಳು ಟೈಮ್ ಕೇಳಿದೆ. ಆ ತಿಂಗಳಲ್ಲಿ ಜಮೀನನ್ನು ನಮ್ಮ ಖರ್ಚಿನಲ್ಲೇ ಪರಿಶೀಲನೆ ಮಾಡಿಸಿದೆವು. ಅದರ ವಿಮರ್ಶೆ ಇದು.

ಮಾಡಿಕೊಟ್ಟವರು ಇಬ್ಬರೇ ಇರುವ ಒಂದು ಸಣ್ಣ ಸಂಸ್ಥೆ. ಒಬ್ಬರು ನಿವೃತ್ತ ಸರ್ವೆಯರ್, ಇನ್ನೊಬ್ಬರು ಎಲೆಕ್ಟ್ರಿಕಲ್ ಎಂಜಿನಿಯರ್. ದೂರುಗಳೂ ಇರುವುದರಿಂದ ಹೆಸರು ಹಾಕುತ್ತಿಲ್ಲ. ಇಂಥ ಕೆಲಸ ಮಾಡುವವರು ಈಗ ನಮ್ಮ ಕಡೆ ಸಾಕಷ್ಟು ಜನ ಇದ್ದಾರೆ, ಯಾರ ಹತ್ತಿರ ಹೋದರೂ ಏನು ಕೇಳಬೇಕು ಅನ್ನುವುದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲ ದಿನ ಅವರು ಹೊಲಕ್ಕೆ ಬರಲೇ ಇಲ್ಲ. ನನಗೆ ಸ್ವಲ್ಪ ಬೇಜಾರಾಗಿತ್ತು. ಬಿಸಿಲು ನೋಡುತ್ತಾರೆ, ಮಣ್ಣು ನೋಡುತ್ತಾರೆ ಅಂದುಕೊಂಡಿದ್ದರೆ ಸರ್ವೆಯರ್ ಜಗುಲಿ ಮೇಲೆ ಕೂತು ಪಹಣಿ ಕೇಳಿದರು. ಮೂರು ಪಹಣಿಯಲ್ಲೂ ಮಾಲೀಕರ ಹೆಸರಿರುವ 9ನೇ ಕಾಲಂ ಓದಿದರು. ಒಂದರಲ್ಲಿ ಇನ್ನೂ ತಾತನ ಹೆಸರೇ ಇದೆ. ತಾತ ತೀರಿಕೊಂಡು 20 ವರ್ಷದ ಮೇಲಾಯಿತು, ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸಬೇಕು ಅಂತ ಪ್ರತಿ ವರ್ಷ ಮಾತಾಡಿ ಪ್ರತಿ ವರ್ಷ ಬಿಟ್ಟಿದ್ದೇವೆ. ಅಲ್ಲಿ ಅತ್ತೆಯರಿಬ್ಬರ ಹಕ್ಕೂ ಇದೆ, ಅವರ ಸಹಿ ಇಲ್ಲದೆ ಯಾವ ಕಂಪನಿಯ ವಕೀಲರೂ ಇದನ್ನು ಮುಟ್ಟುವುದಿಲ್ಲ ಅಂದರು. ಎರಡನೆಯದು ನಾಲ್ಕು ಜನರ ಹೆಸರಿನಲ್ಲಿದೆ, ಪೋಡಿ ಆಗಿಲ್ಲ, ಅಂದರೆ ಅವರವರ ಪಾಲು ಅಳೆದು ನಕ್ಷೆಯಲ್ಲಿ ಬೇರೆ ಮಾಡಿಲ್ಲ. ಬದು ಎಲ್ಲಿದೆ ಅಂತ ನಮಗೆ ಗೊತ್ತು, ಪಕ್ಕದವರಿಗೂ ಗೊತ್ತು, ಜಗಳವೂ ಇಲ್ಲ. ಆದರೆ ನಕ್ಷೆಯಲ್ಲಿ ಆ ಬದು ಇಲ್ಲ. ಸಾಲ, ಋಣ ಬರೆಯುವ 11ನೇ ಕಾಲಂನಲ್ಲಿ ಸೊಸೈಟಿ ಸಾಲ ಕೂತಿದೆ, ತೀರಿಸಿ ನಾಲ್ಕು ವರ್ಷವಾದರೂ ತೆಗೆಸಿರಲಿಲ್ಲ. ಅರ್ಧ ಗಂಟೆಯಲ್ಲಿ ಇಷ್ಟು. ಮೂರರಲ್ಲಿ ಕಾಗದ ಸರಿ ಇದ್ದದ್ದು ಒಂದೇ ಸರ್ವೆ ನಂಬರ್.

ಇನ್ನೊಂದು ಮಾತು ಹೇಳಿದರು, ಅದು ನಮಗಿಂತ ಪಕ್ಕದ ಹೊಲದವರಿಗೆ ಮುಖ್ಯ. ಅವರದು ಸರ್ಕಾರ ಮಂಜೂರು ಮಾಡಿದ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಗೆ 1978ರ ಪಿಟಿಸಿಎಲ್ ಕಾಯ್ದೆ, ಅಂದರೆ ಅಂಥ ಭೂಮಿಯ ಪರಭಾರೆ ತಡೆಯುವ ಕಾಯ್ದೆ, ಬರುತ್ತದೆ. ಮಾರಾಟಕ್ಕೆ ಮಾತ್ರ ಸರ್ಕಾರದ ಅನುಮತಿ ಬೇಕು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆ ಕಾಯ್ದೆಯಲ್ಲಿ ಪರಭಾರೆ ಅಂದರೆ ಗುತ್ತಿಗೆಯೂ ಸೇರುತ್ತದೆ. ಏಜೆಂಟ್ ಅವರ ಹತ್ತಿರವೂ ಸಹಿ ಕೇಳಿದ್ದ, ಈ ವಿಷಯ ಬಾಯಿಬಿಟ್ಟಿರಲಿಲ್ಲ. ನಾನು ಅದೇ ಸಂಜೆ ಹೋಗಿ ಹೇಳಿ ಬಂದೆ.

ಎರಡನೇ ದಿನ ಹೊಲಕ್ಕೆ ಬಂದರು. ಮೊದಲು ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ತೆಗೆದರು. ಇದರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಸರ್ಕಾರದ್ದು, ಕನ್ನಡದಲ್ಲೇ ಇದೆ, ಕಾಸು ಕೊಡಬೇಕಿಲ್ಲ. ಹೊಲದಲ್ಲಿ ನಿಂತರೆ ಯಾವ ಸರ್ವೆ ನಂಬರ್‌ನಲ್ಲಿದ್ದೀರಿ ಅಂತ ತೋರಿಸುತ್ತದೆ, ಹಳ್ಳ, ಕೆರೆ, ಗೋಮಾಳ ಎಲ್ಲಿವೆ ಅಂತಲೂ ಕಾಣುತ್ತದೆ. ನಮ್ಮ ಮೇಲಿನ ಹೊಲದ ಅಂಚಿನಲ್ಲಿ ಒಂದು ಹಳ್ಳ ಹಾದುಹೋಗುವುದು ಅದರಲ್ಲಿ ಕಂಡಿತು. ಪಹಣಿಯಲ್ಲೂ ವಿಸ್ತೀರ್ಣ ಬರೆಯುವ 3ನೇ ಕಾಲಂನಲ್ಲಿ ಅದು 12 ಗುಂಟೆ ಬಿ ಕರಾಬು ಅಂತ ಇದೆ, ನಾವು ಯಾವತ್ತೂ ಗಮನಿಸಿರಲಿಲ್ಲ. ಬಿ ಕರಾಬು ಸಾರ್ವಜನಿಕರದ್ದು, ಅದಕ್ಕೆ ಬಾಡಿಗೆ ಸಿಗುವುದಿಲ್ಲ, ಅದರ ಮೇಲೆ ಪ್ಯಾನಲ್ ಕೂರಿಸುವ ಹಾಗೂ ಇಲ್ಲ. ಆದರೆ ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುತ್ತದೆ. ಗಡಿ ತಕರಾರು ಇದ್ದರೆ ಆ್ಯಪ್ ನಂಬಿ ಕಲ್ಲು ನೆಡಬೇಡಿ, ಅದಕ್ಕೆ ಸರ್ವೆಯರ್ ಬಂದು ಅಳೆದು ಗಡಿ ಗುರುತಿಸುವ ಹದ್ದುಬಸ್ತು ಸರ್ವೆಯೇ ಆಗಬೇಕು.

ಬಿಸಿಲಿನ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲ. ನಮ್ಮ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಇಳಿಜಾರು ಯಾವ ಕಡೆಗಿದೆ ಅಂತ ನೋಡಿದರು. ಪ್ಯಾನಲ್‌ಗಳು ದಕ್ಷಿಣಕ್ಕೆ ಮುಖ ಮಾಡಿ ಕೂರುತ್ತವೆ, ಹಾಗಾಗಿ ನೆಲವೂ ದಕ್ಷಿಣಕ್ಕೆ ಸ್ವಲ್ಪ ಇಳಿದಿದ್ದರೆ ಒಳ್ಳೆಯದು. ಉತ್ತರಕ್ಕೆ ಇಳಿದಿದ್ದರೆ ಮುಂದಿನ ಸಾಲಿನ ನೆರಳು ಹಿಂದಿನ ಸಾಲಿನ ಮೇಲೆ ಬೀಳುತ್ತದೆ, ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಬೇಕು. ಮೇಲಿನ 5 ಎಕರೆ 20 ಗುಂಟೆ ಮರಡಿ, ಕಲ್ಲು ಮಿಶ್ರ ಕೆಂಪು ಮಣ್ಣು, ದಕ್ಷಿಣಕ್ಕೇ ಇಳಿದಿದೆ. ಕಾಗದ ಸರಿ ಇರುವುದೂ ಅದೇ. ಕೆಳಗಿನ ಎರಡು ಹೊಲ ಎರೆಭೂಮಿ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ, ಕಂಬಗಳು ಅಲ್ಲಾಡದ ಹಾಗೆ ನೆಡಲು ಖರ್ಚು ಜಾಸ್ತಿ. ಬೋರ್‌ವೆಲ್ ಇರುವುದೂ ಅಲ್ಲೇ. ಮರಡಿಯ ದಕ್ಷಿಣ ಬದುವಿನ ಮೇಲೆ ತಾತ ನೆಟ್ಟ ಹುಣಸೆಮರ ಇದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಾಗ ಅದರ ನೆರಳು ಹೊಲದೊಳಗೆ ಉದ್ದಕ್ಕೆ ಬೀಳುತ್ತದೆ, ಕಂಪನಿಯವರು ಕಡಿಯಿರಿ ಅನ್ನುತ್ತಾರೆ ಅಂತ ಮೊದಲೇ ಹೇಳಿದರು. ಅಮ್ಮ ಅಲ್ಲೇ ನಿಂತಿದ್ದರು. ಆಗುವುದಿಲ್ಲ ಅಂದರು. ಸರಿ, ಅಲ್ಲಿ ಒಂದು ಪಟ್ಟಿ ಬಿಟ್ಟು ಲೆಕ್ಕ ಹಾಕೋಣ ಅಂತ ಎಂಜಿನಿಯರ್ ಬರೆದುಕೊಂಡರು. ಈ ಒಂದು ವಿಷಯಕ್ಕೆ ನನಗೆ ಅವರ ಮೇಲೆ ಗೌರವ ಇದೆ.

ಜಮೀನಿನ ಬೆಲೆ ನಿಜವಾಗಿ ಗೊತ್ತಾಗುವುದು ಸಬ್‌ಸ್ಟೇಷನ್ ಹತ್ತಿರ. 1 ಮೆಗಾವ್ಯಾಟ್‌ಗೆ ಸುಮಾರು 4ರಿಂದ 5 ಎಕರೆ ಬೇಕು, ಅಂದರೆ ನಮ್ಮ ಮರಡಿಯಲ್ಲಿ ಒಂದು ಸಣ್ಣ ಘಟಕ ಕೂರುತ್ತದೆ. ರೈತರ ಸೋಲಾರ್‌ಗಾಗಿ ಕೇಂದ್ರ ಮಾಡಿದ ಕುಸುಮ್ ಯೋಜನೆಯ ಎ ಭಾಗದಲ್ಲಿ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗಿನ ಘಟಕಗಳಿಗೆ ಜಮೀನು ಸಬ್‌ಸ್ಟೇಷನ್‌ನಿಂದ 5 ಕಿಲೋಮೀಟರ್ ಒಳಗಿರಬೇಕು ಅಂತ ಇಟ್ಟಿದ್ದಾರೆ. ಏಜೆಂಟ್ ನಮ್ಮದು 3 ಕಿಲೋಮೀಟರ್ ಅಂದಿದ್ದ. ಕಾಗೆ ಹಾರಿದ ಹಾಗೆ ಅಳೆದರೆ ಅದು ಹೌದು. ಲೈನು ಎಳೆಯುವ ದಾರಿ ಹಿಡಿದು ಇವರು ಬೈಕ್‌ನಲ್ಲಿ ಅಳೆದಾಗ 4.6 ಬಂತು, ನಡುವೆ ಬೇರೆಯವರ ಹೊಲ, ಒಂದು ಹಳ್ಳ. ಅವರೆಲ್ಲ ಕಂಬಕ್ಕೆ ಒಪ್ಪಬೇಕು. ಹತ್ತಿರ ಇದ್ದ ಮಾತ್ರಕ್ಕೆ ಆಗಲೂ ಇಲ್ಲ, ಆ ಸಬ್‌ಸ್ಟೇಷನ್‌ನಲ್ಲಿ ಹೊಸ ವಿದ್ಯುತ್ ತೆಗೆದುಕೊಳ್ಳುವಷ್ಟು ಸಾಮರ್ಥ್ಯ ಉಳಿದಿರಬೇಕು. ಪಕ್ಕದಲ್ಲಿ ಯಾರೋ ಮೊದಲೇ ಘಟಕ ಹಾಕಿದ್ದರೆ ನಮ್ಮ ಜಮೀನು ಎಷ್ಟು ಚೆನ್ನಾಗಿದ್ದರೂ ಕಾಯಬೇಕು. ಇದನ್ನು ಅವರು ವಿದ್ಯುತ್ ಕಚೇರಿಗೆ ಹೋಗಿ ವಿಚಾರಿಸಿ ಬಂದರು, ನಮ್ಮಿಂದ ಆಗುತ್ತಿರಲಿಲ್ಲ.

ಇನ್ನು ದೂರುಗಳು. ಹತ್ತು ದಿನ ಅಂದವರು ರಿಪೋರ್ಟ್ ಕೊಟ್ಟದ್ದು 26ನೇ ದಿನ. ಅದೂ 22 ಪುಟ, ಪೂರ್ತಿ ಇಂಗ್ಲಿಷ್‌ನಲ್ಲಿ. ಕಾಗದ ಸರಿ ಇರುವ ಮರಡಿ ಅಮ್ಮನ ಹೆಸರಿನಲ್ಲಿ, ಓದಬೇಕಾದವರು ಅವರು. ನಾನು ಎರಡು ಸಂಜೆ ಕೂತು ಓದಿ ಹೇಳಿದೆ. ಕೊನೆಯ ಪುಟದಲ್ಲಿ, ಬೇಕಿದ್ದರೆ ನಾವೇ ಕಂಪನಿ ಹುಡುಕಿಕೊಡುತ್ತೇವೆ, ಮೊದಲ ವರ್ಷದ ಬಾಡಿಗೆಯಲ್ಲಿ ಇಷ್ಟು ಭಾಗ ನಮಗೆ ಅಂತ ಬರೆದಿದ್ದರು. ಇದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಪರಿಶೀಲನೆ ಮಾಡುವವರಿಗೆ ಜಮೀನು ಹೋಗುವುದರಲ್ಲೇ ಲಾಭ ಇದ್ದರೆ ಅವರ ಮಾತನ್ನು ಎಷ್ಟು ನಂಬುವುದು? ಮೊದಲ ದಿನವೇ ಹೇಳಬೇಕಿತ್ತು, ಅಲ್ವಾ?

ಬಾಡಿಗೆ ಬಗ್ಗೆ ಅವರು ಬರೆದದ್ದು ಎರಡೇ ಸಾಲು. ಆ ಲೆಕ್ಕ ನಾವೇ ಹಾಕಿದೆವು. ಪಾವಗಡ ನಮಗೆ ದೂರವಲ್ಲ. ಅಲ್ಲಿನ ಸೋಲಾರ್ ಪಾರ್ಕ್ 13,000 ಎಕರೆ, 2,050 ಮೆಗಾವ್ಯಾಟ್, ರೈತರಿಂದ ಗುತ್ತಿಗೆಗೆ ಪಡೆದ ಜಮೀನು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಬೀಳು ಬಿದ್ದ ಹೊಲಕ್ಕೆ ಅವತ್ತು ಅದು ದೊಡ್ಡ ದುಡ್ಡೇ. ಆದರೆ ಅದೇ ಏರಿಕೆಯಲ್ಲಿ 21ನೇ ವರ್ಷಕ್ಕೆ ಬರುವುದು ಸುಮಾರು 34,200. ಮಹಾರಾಷ್ಟ್ರದ ಸರ್ಕಾರಿ ಯೋಜನೆಯಲ್ಲಿ ಎಕರೆಗೆ 50,000, ಪ್ರತಿ ವರ್ಷ ಶೇಕಡಾ 3 ಏರಿಕೆ. 21ನೇ ವರ್ಷಕ್ಕೆ 90,000 ದಾಟುತ್ತದೆ. ಏಜೆಂಟ್ ಹೇಳುವ ಮೊದಲ ವರ್ಷದ ಅಂಕಿಯನ್ನೇ ನೋಡಿ ಕೂರಬೇಡಿ, ಏರಿಕೆ ಎಷ್ಟು, ಎಷ್ಟು ವರ್ಷಕ್ಕೊಮ್ಮೆ ಅಂತ ಕೇಳಿ.

ಕರಾರಿನ ಬಗ್ಗೆ ರಿಪೋರ್ಟ್‌ನಲ್ಲಿ ಏನೂ ಇರಲಿಲ್ಲ. ಅದಕ್ಕೆ ಚಿತ್ರದುರ್ಗದಲ್ಲಿ ಒಬ್ಬ ವಕೀಲರಿಗೆ ಬೇರೆ 2,500 ಕೊಟ್ಟೆವು, ಆ ದುಡ್ಡು ಸಾರ್ಥಕ. ಏಜೆಂಟ್ ತಂದ ಕಾಗದ ಗುತ್ತಿಗೆಯದ್ದೇ ಅಲ್ಲವಂತೆ. ಮೂರು ವರ್ಷದೊಳಗೆ ಕಂಪನಿಗೆ ಬೇಕಾದರೆ ಗುತ್ತಿಗೆಗೆ ಕೊಡುತ್ತೇವೆ ಅಂತ ನಾವು ಬರೆದುಕೊಡುವ ಕಾಗದ. ಅಲ್ಲಿಯವರೆಗೆ ಬಾಡಿಗೆ ಇಲ್ಲ, ಬೇರೆಯವರಿಗೆ ಕೊಡುವ ಹಾಗಿಲ್ಲ, ಬೋರ್ ಕೊರೆಸುವ ಹಾಗೂ ಇಲ್ಲ. ಕಂಪನಿ ಬ್ಯಾಂಕಿಗೆ ತನ್ನ ಗುತ್ತಿಗೆ ಹಕ್ಕನ್ನು ಅಡ ಇಡಬಹುದು, ನಮ್ಮ ಭೂಮಿಯನ್ನು ಇಡಬಾರದು, ಅದು ಸ್ಪಷ್ಟವಾಗಿ ಬರೆದಿರಬೇಕು ಅಂದರು. ಭೂಪರಿವರ್ತನೆ ಖರ್ಚು ಯಾರದು, ಪ್ಯಾನಲ್ ತೊಳೆಯಲು ನೀರು ಎಲ್ಲಿಂದ, 25 ವರ್ಷ ಆದಮೇಲೆ ಕಂಬ, ಕಾಂಕ್ರೀಟು ಕಿತ್ತು ನೆಲ ಸರಿ ಮಾಡುವವರು ಯಾರು, ಎಲ್ಲ ಕಾಗದದ ಮೇಲೆ ಬರಬೇಕು, ಕಾಗದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಈ ಬಾಡಿಗೆ ಕೃಷಿ ಆದಾಯ ಅಲ್ಲ, ತೆರಿಗೆ ಲೆಕ್ಕಕ್ಕೆ ಬರುತ್ತದೆ ಅಂತಲೂ ಹೇಳಿದರು.

ರಿಪೋರ್ಟ್‌ನಲ್ಲಿ ಇಲ್ಲದ ಇನ್ನೊಂದು ವಿಷಯ ಜನರದ್ದು. ನಾನು ಮತ್ತು ತಮ್ಮ ಒಂದು ದಿನ ಪಾವಗಡದ ಸೋಲಾರ್ ಪಾರ್ಕ್ ಇರುವ ತಿರುಮಣಿಗೆ ಹೋಗಿ ಬಂದೆವು. ಜಮೀನು ಕೊಟ್ಟವರಿಗೆ ಬಾಡಿಗೆ ಬರುತ್ತಿದೆ. ಜಮೀನೇ ಇಲ್ಲದೆ ಕೂಲಿ ನಂಬಿದ್ದವರಿಗೆ ಬಾಡಿಗೆಯೂ ಇಲ್ಲ, ಕಳೆ ತೆಗೆಯುವ ಕೆಲಸವೂ ಇಲ್ಲ. ಕುರಿ ಮೇಯಿಸಲು ಬೇಲಿ ಸುತ್ತಿಕೊಂಡು ದೂರ ಹೋಗಬೇಕು. ನಮ್ಮ ಕೆಳಗಿನ ಹೊಲಗಳಲ್ಲಿ ಸುಗ್ಗಿಗೆ ಎಂಟು ಹೆಂಗಸರು ಬರುತ್ತಾರೆ, ಅಮ್ಮನಿಗೆ ಅವರೆಲ್ಲರ ಮನೆ ಗೊತ್ತು. ವಾಪಸ್ ಬರುವಾಗ ಬಸ್‌ನಲ್ಲೇ ತಮ್ಮ ಹೇಳಿದ, ಕೆಳಗಿನದು ಬೇಡ, ಮರಡಿ ಮಾತ್ರ ಕೊಡೋಣ.

ಕೊಟ್ಟ ದುಡ್ಡಿಗೆ ನನ್ನ ಅಂಕ ಐದರಲ್ಲಿ ಮೂರೂವರೆ. ಕಾಗದ ಮತ್ತು ಸಬ್‌ಸ್ಟೇಷನ್ ಕೆಲಸಕ್ಕೆ ಪೂರ್ತಿ ಕೊಡಬಹುದು, ಕಮಿಷನ್ ಮುಚ್ಚಿಟ್ಟದ್ದಕ್ಕೆ ಒಂದು, ತಡಕ್ಕೆ ಮತ್ತು ಇಂಗ್ಲಿಷ್‌ಗೆ ಅರ್ಧ ಕಳೆದಿದ್ದೇನೆ. ಎರಡು ಮೂರು ಎಕರೆ ಇರುವವರು ಇಷ್ಟು ಖರ್ಚು ಮಾಡಬೇಡಿ. ಪಹಣಿ ತೆಗೆಸಿ 3, 9, 11ನೇ ಕಾಲಂ ನೀವೇ ಓದಿ, ದಿಶಾಂಕ್‌ನಲ್ಲಿ ಹೊಲ ನೋಡಿ, ಸಬ್‌ಸ್ಟೇಷನ್‌ಗೆ ಲೈನಿನ ದಾರಿ ಹಿಡಿದು ಒಮ್ಮೆ ಬೈಕ್‌ನಲ್ಲಿ ಹೋಗಿ ಬನ್ನಿ, ಮುಕ್ಕಾಲು ಪಾಲು ಅಲ್ಲೇ ಗೊತ್ತಾಗುತ್ತದೆ.

ಏಜೆಂಟ್‌ನ ಕಾಗದ ಇನ್ನೂ ಸಹಿ ಇಲ್ಲದೆ ಬೀರುವಿನಲ್ಲಿದೆ. ಪೋಡಿಗೆ ಅರ್ಜಿ ಕೊಟ್ಟಿದ್ದೇವೆ, ಸೊಸೈಟಿಯಿಂದ ತೀರುವಳಿ ಪತ್ರ ತಂದಾಗಿದೆ. ಹೋದ ಸೋಮವಾರ ಅತ್ತೆಯರಿಬ್ಬರೂ ಊರಿಗೆ ಬಂದಿದ್ದರು, ಪೌತಿ ಖಾತೆ ಅರ್ಜಿಗೆ ಸಹಿ ಹಾಕಿ, ಹುಣಸೆಮರದ ಕೆಳಗೆ ಸ್ವಲ್ಪ ಹೊತ್ತು ಕೂತು ಹೋದರು.