ಸಮಿತಿಯಲ್ಲಿ ಮಾತಿನ ಸರದಿ: ಮೂರು ಪದ್ಧತಿ ನಡೆಸಿ ನೋಡಿದ ಮೇಲೆ ನನ್ನ ಆಯ್ಕೆ

ಮೊದಲೇ ಹೇಳಿಬಿಡುತ್ತೇನೆ. ಸಂಸದೀಯ ಸಮಿತಿಯಲ್ಲಿ ಯಾರು ಮೊದಲು ಮಾತಾಡಬೇಕು, ಯಾರು ಆಮೇಲೆ ಅನ್ನೋ ಜಗಳ ಕಡಿಮೆ ಆಗಬೇಕಾದರೆ ಕೆನಡಾದ ಪದ್ಧತಿಯೇ ಒಳ್ಳೆಯದು. ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಯುವ ಸಂಸತ್ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವಾಗ ಸದನದ ಜೊತೆಗೆ ಅಣಕು ಸಮಿತಿಯನ್ನೂ ನಡೆಸುತ್ತೇವೆ. ಒಬ್ಬರು ಅಧ್ಯಕ್ಷರು, ಒಬ್ಬರು ಇಲಾಖೆಯ ಕಾರ್ಯದರ್ಶಿ, ಉಳಿದವರು ಪಕ್ಷವಾರು ಸದಸ್ಯರು. ಲೋಕಸಭೆ, ಅಮೆರಿಕ, ಕೆನಡಾ ಮೂರೂ ಕಡೆಯ ಪದ್ಧತಿಯನ್ನು ಇವರ ಜೊತೆ ನಡೆಸಿ ನೋಡಿದ್ದೇನೆ. ಸಮಿತಿ ಅಂದರೇನು, ಎಷ್ಟು ವಿಧ ಅನ್ನೋದೆಲ್ಲ ಪಠ್ಯಪುಸ್ತಕದಲ್ಲೇ ಇದೆ, ಅದು ಇಲ್ಲಿ ಬೇಡ.

ನಮ್ಮದರಿಂದಲೇ ಶುರು ಮಾಡೋಣ. ಲೋಕಸಭೆಯ ನಿಯಮ 273ರ ಪ್ರಕಾರ ಅಧ್ಯಕ್ಷರು ಮೊದಲು ಸಾಕ್ಷಿಗೆ, ಅಂದರೆ ಸಮಿತಿಯ ಮುಂದೆ ಮಾಹಿತಿ ಕೊಡಲು ಬಂದವರಿಗೆ, ಪ್ರಶ್ನೆ ಕೇಳಬಹುದು. ಆಮೇಲೆ ಉಳಿದ ಸದಸ್ಯರನ್ನು ಒಬ್ಬೊಬ್ಬರಾಗಿ ಕರೆಯಬಹುದು. ಯಾವ ಪಕ್ಷ ಮೊದಲು, ಯಾರಿಗೆ ಎಷ್ಟು ನಿಮಿಷ ಎಂಬ ಪಟ್ಟಿ ಅದರಲ್ಲಿ ಇಲ್ಲ. ಅಧ್ಯಕ್ಷರು ಎಲ್ಲರ ವಿಶ್ವಾಸ ಗಳಿಸಿದವರಾದರೆ ಇದರಷ್ಟು ಸಲೀಸಾದ ಪದ್ಧತಿ ಬೇರೆ ಇಲ್ಲ. ವಿಷಯ ಗೊತ್ತಿರುವ ಸದಸ್ಯರನ್ನು ಮೊದಲು ಕರೆಯಬಹುದು, ಒಬ್ಬರ ಪ್ರಶ್ನೆಗೆ ಇನ್ನೊಬ್ಬರ ಪ್ರಶ್ನೆ ಜೋಡಿಸಬಹುದು.

ಆದರೆ ವಿಶ್ವಾಸ ಒಮ್ಮೆ ಹೋಯಿತೋ, ಹಿಡಿದುಕೊಳ್ಳಲು ಬೇರೆ ಏನೂ ಇರುವುದಿಲ್ಲ. 2024ರ ವಕ್ಫ್ ಮಸೂದೆಯ ಜಂಟಿ ಸಮಿತಿಯನ್ನೇ ನೋಡಿ. ಅದೇ ವರ್ಷ ಅಕ್ಟೋಬರ್ 22ರ ಸಭೆಯಲ್ಲಿ ಮಾತಿಗೆ ಮಾತು ಬೆಳೆದು ಗಾಜಿನ ಬಾಟಲಿ ಒಡೆಯಿತು. ಸದಸ್ಯರೊಬ್ಬರು ಒಂದು ದಿನದ ಮಟ್ಟಿಗೆ ಅಮಾನತಾದರು. 2025ರ ಜನವರಿಯಲ್ಲಿ ವಿರೋಧ ಪಕ್ಷಗಳ 10 ಸದಸ್ಯರ ಅಮಾನತೂ ಆಯಿತು. ಅಧ್ಯಕ್ಷರದು ಏಕಪಕ್ಷೀಯ ನಡೆ ಎಂದು ವಿರೋಧ ಪಕ್ಷದವರು ದೂರಿದರು. ಎಲ್ಲರಿಗೂ ಅವಕಾಶ ಕೊಟ್ಟಿದ್ದೇನೆ ಎಂದು ಅಧ್ಯಕ್ಷರು ಹೇಳಿದರು. ಸಮಿತಿ ಸಭೆಗಳು ನಡೆಯುವುದೇ ಖಾಸಗಿಯಾಗಿ. ಯಾರ ಮಾತು ಸರಿ ಅಂತ ಹೊರಗಿನ ನಾವು ಅಳೆಯುವುದು ಹೇಗೆ? ಮೊದಲೇ ಬರೆದಿಟ್ಟ ಸರದಿ ಇದ್ದಿದ್ದರೆ ಕನಿಷ್ಠ ಆ ಒಂದು ಪ್ರಶ್ನೆಗಾದರೂ ಉತ್ತರ ಸಿಗುತ್ತಿತ್ತು.

ನನ್ನ ತರಗತಿಯಲ್ಲೂ ಅದೇ ಆಯಿತು. ಅಧ್ಯಕ್ಷೆಯಾಗಿದ್ದ ಹುಡುಗಿ ನಿಜಕ್ಕೂ ಪಕ್ಷಪಾತ ಮಾಡಲಿಲ್ಲ. ಆದರೂ ಪೀರಿಯಡ್ ಮುಗಿಯುವ ಹೊತ್ತಿಗೆ ಅರ್ಧ ಜನ ಮುನಿಸಿಕೊಂಡಿದ್ದರು. 'ನೀನು ನಿನ್ನ ಬೆಂಚಿನವರನ್ನೇ ಕರೀತೀಯ' ಅಂದುಬಿಟ್ಟರು. ಅವಳ ಕಣ್ಣು ತುಂಬಿತು. ಆ ಹೊರೆಯನ್ನು ಹದಿನೇಳು ವರ್ಷದ ಮಗುವಿನ ತಲೆ ಮೇಲೆ ಹಾಕುವುದು ನನಗೆ ಇಷ್ಟವಿಲ್ಲ.

ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಗಳಲ್ಲಿ ಪ್ರತಿ ಸದಸ್ಯರಿಗೂ ಐದು ನಿಮಿಷ. ಅಧ್ಯಕ್ಷರು ಸುತ್ತಿಗೆ ಕುಟ್ಟಿ ಸಭೆ ಶುರು ಮಾಡುವಾಗ ಹಾಜರಿದ್ದವರಿಗೆ ಹಿರಿತನದ ಮೇಲೆ ಸರದಿ, ತಡವಾಗಿ ಬಂದವರಿಗೆ ಬಂದ ಕ್ರಮದಲ್ಲಿ ಸರದಿ. ಎರಡೂ ಪಕ್ಷಗಳಿಗೆ ಒಂದು ಬಿಟ್ಟು ಒಂದು. ಚೊಕ್ಕವಾಗಿದೆ, ಮಕ್ಕಳು ಬೇಗ ಬಂದು ಕೂತರು ಕೂಡ. ಆದರೆ ನಮ್ಮ ಅರ್ಧ ಮಕ್ಕಳು ಹಳ್ಳಿಗಳಿಂದ ಸರ್ಕಾರಿ ಬಸ್ಸಿನಲ್ಲಿ ಬರುವವರು. ಬಸ್ಸು ತಡವಾದರೆ ಅವರ ಹೆಸರು ಕೊನೆಗೆ, ಕೊನೆಯವರ ತನಕ ಹೋಗುವಷ್ಟು ಸಮಯ ಇರುವುದಿಲ್ಲ. ಊರಿನ ಮಕ್ಕಳಿಗೆ ಮಾತ್ರ ಅನುಕೂಲವಾಗುವ ಪದ್ಧತಿ ನನಗೆ ಬೇಡ.

ಈಗ ನನಗೆ ಮೆಚ್ಚಾದ ಕೆನಡಾದ ಪದ್ಧತಿ. ಇದರ ಕುತೂಹಲ ಹುಟ್ಟಿಸಿದವರು ನಮ್ಮ ಶಿರಾ ತಾಲ್ಲೂಕಿನ ದ್ವಾರ್ಲು ಮೂಲದ, ಕೆನಡಾದಲ್ಲಿ ಸಂಸದರಾಗಿದ್ದ ಚಂದ್ರ ಆರ್ಯ. 2022ರ ಮೇ ತಿಂಗಳಲ್ಲಿ ಅವರು ಒಟ್ಟಾವದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ ವಿಡಿಯೋ ತೋರಿಸಿದ್ದೆ. ಅದನ್ನು ನೋಡಿ ಮಕ್ಕಳು 'ಸಾರ್, ಅಲ್ಲಿ ಸಮಿತಿ ಹೇಗೆ ನಡೆಯುತ್ತೆ?' ಅಂತ ಕೇಳಿದರು.

ಅಲ್ಲಿ ಹೊಸ ಸಂಸತ್ತಿನ ಸಮಿತಿ ಸೇರಿದಾಗ, ಶುರುವಿನಲ್ಲೇ ಸರದಿಯ ಗೊತ್ತುವಳಿ ಪಾಸಾಗುತ್ತದೆ. 2021ರ ಚುನಾವಣೆಯ ನಂತರ ರೂಢಿಯಲ್ಲಿದ್ದ ಕ್ರಮ ಹೀಗಿತ್ತು: ಮೊದಲ ಸುತ್ತಿನಲ್ಲಿ ಕನ್ಸರ್ವೇಟಿವ್, ಲಿಬರಲ್, ಬ್ಲಾಕ್ ಕೆಬೆಕ್ವಾ, ಎನ್‌ಡಿಪಿ ಪಕ್ಷಗಳಿಗೆ ತಲಾ ಆರು ನಿಮಿಷ. ಎರಡನೇ ಸುತ್ತಿನಲ್ಲಿ ದೊಡ್ಡ ಎರಡು ಪಕ್ಷಗಳಿಗೆ ಐದೈದು, ಸಣ್ಣ ಎರಡಕ್ಕೆ ಎರಡೂವರೆ, ಮತ್ತೆ ದೊಡ್ಡವಕ್ಕೆ ಐದೈದು. ಆಡಳಿತ ಪಕ್ಷ ಲಿಬರಲ್ ಆದರೂ ಮೊದಲ ಪ್ರಶ್ನೆ ವಿರೋಧ ಪಕ್ಷದ್ದು. ಯಾವ ವಿಷಯಕ್ಕೆ ಜಗಳ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲೇ ಸರದಿ ತೀರ್ಮಾನ ಆಗಿರುತ್ತದೆ. ಇದರ ಬಲ ಇರುವುದೇ ಇಲ್ಲಿ.

ಎರಡು ಸುತ್ತಿಗೆ ಒಟ್ಟು 49 ನಿಮಿಷ. ಒಂದು ಗಂಟೆಯ ಪೀರಿಯಡ್‌ಗೆ ಜಾಸ್ತಿಯಾಗುತ್ತದೆ, ಹಾಜರಿಯೂ ಆಗಬೇಕಲ್ವಾ. ಎಲ್ಲವನ್ನೂ ಅರ್ಧ ಮಾಡಿದೆ. ಮುನಿಸು ನಿಂತಿತು. ಅಧ್ಯಕ್ಷ ಹುಡುಗ ಹಾಯಾಗಿ ಪಟ್ಟಿ ನೋಡಿ ಹೆಸರು ಕರೆದ.

ತೊಡಕು ಒಂದು ಇದೆ, ಅದು ಸಣ್ಣದಲ್ಲ. ಈ ಸುತ್ತಿನ ಲೆಕ್ಕ ಸಾಕ್ಷಿಗೆ ಪ್ರಶ್ನೆ ಕೇಳುವುದಕ್ಕೆ ಮಾತ್ರ. ನಡುವೆ ಯಾರಾದರೂ ಗೊತ್ತುವಳಿ ಮಂಡಿಸಿದರೆ ಚರ್ಚೆಗೆ ಬೇರೆ ಪಟ್ಟಿ ಶುರುವಾಗುತ್ತದೆ. ಇಲ್ಲಿ ಪಕ್ಷದ ಲೆಕ್ಕ ಇಲ್ಲ. ಕೈ ಎತ್ತಿದ ಕ್ರಮದಲ್ಲಿ ಹೆಸರು ಬರೆದುಕೊಳ್ಳುತ್ತಾರೆ. ಇಬ್ಬರು ಒಟ್ಟಿಗೆ ಕೈ ಎತ್ತಿದರೆ? ಕೋವಿಡ್ ಕಾಲದಲ್ಲಿ ಅರ್ಧ ಸದಸ್ಯರು ಕೋಣೆಯಲ್ಲಿ, ಅರ್ಧ ಪರದೆಯಲ್ಲಿ ಇದ್ದಾಗ ಇದು ಇನ್ನೂ ಕಷ್ಟವಾಯಿತು. 'ಎರಡೂ ಕಡೆಯ ಹೆಸರು ಸೇರಿಸಿ ಒಂದೇ ಪಟ್ಟಿ ಮಾಡಲು ಸಮಿತಿಯ ಕ್ಲರ್ಕ್ ಮತ್ತು ನಾನು ಆದಷ್ಟು ಪ್ರಯತ್ನಿಸುತ್ತೇವೆ' ಎಂದು ಅಧ್ಯಕ್ಷರು ಸಭೆಯ ಶುರುವಿನಲ್ಲೇ ಹೇಳುವುದು ಅಲ್ಲಿ ರೂಢಿಯಾಯಿತು.

ತಿದ್ದುಪಡಿ ಬಂದಾಗ ಇನ್ನೂ ಗೋಜಲು. ನಮ್ಮ ಸಮಿತಿ ಜಲಜೀವನ್ ಮಿಷನ್ ಕುರಿತು ಗೊತ್ತುವಳಿ ಚರ್ಚಿಸುತ್ತಿತ್ತು. ಪಟ್ಟಿಯಲ್ಲಿ ಐದು ಹೆಸರು ಬಾಕಿ ಇದ್ದವು. ಒಬ್ಬಳು ಎದ್ದು ತಿದ್ದುಪಡಿ ತಂದಳು. ಈಗ ಮೊದಲು ತಿದ್ದುಪಡಿಯ ಚರ್ಚೆ, ಮತ ಹಾಕಿ ಅದು ಮುಗಿದ ಮೇಲೆ ಮೂಲ ಗೊತ್ತುವಳಿ. ಬಾಕಿ ಇದ್ದ ಐದು ಜನ ತಿದ್ದುಪಡಿಯ ಮೇಲೂ ಮೊದಲು ಮಾತಾಡಬಹುದಾ, ಅಥವಾ ಹೊಸದಾಗಿ ಕೈ ಎತ್ತಬೇಕಾ? 'ನನ್ನ ಹೆಸರು ಆಗಲೇ ಇತ್ತು' ಅಂತ ಒಬ್ಬ, 'ಅದು ಬೇರೆ ಪಟ್ಟಿ' ಅಂತ ಇನ್ನೊಬ್ಬ. ಕ್ರಿಯಾಲೋಪದ (ನಿಯಮ ತಪ್ಪಿದೆ ಎಂದು ನಡುವೆ ಎದ್ದು ಆಕ್ಷೇಪಿಸುವುದು) ಮೇಲೆ ಕ್ರಿಯಾಲೋಪ. ಕ್ರಿಯಾಲೋಪ ಎತ್ತಿ ಗೊತ್ತುವಳಿ ಮಂಡಿಸುವಂತಿಲ್ಲ ಎಂದು ಕೆನಡಾದ ಪದ್ಧತಿ ಹೇಳುತ್ತದೆ, ಇಲ್ಲದಿದ್ದರೆ ಎಲ್ಲರೂ ಹಾಗೇ ಸರದಿ ಹಾರಿ ಬರುತ್ತಾರೆ. ಆದರೆ ಸಮಯ ತಿನ್ನುವುದಕ್ಕೆ ಅಡ್ಡಿ ಏನಿದೆ? ಅವತ್ತು ಗೊತ್ತುವಳಿ ಮತಕ್ಕೆ ಬರುವ ಮೊದಲೇ ಬೆಲ್ ಹೊಡೆಯಿತು.

ಇದರ ಜೊತೆಗೆ ಚರ್ಚೆಗೆ ಸಮಯದ ಮಿತಿಯೂ ಇಲ್ಲ. ಮಾತಾಡಲು ಬಯಸುವ ಸದಸ್ಯರು ಹಾಜರಿರುವ ತನಕ ಅಧ್ಯಕ್ಷರು ಚರ್ಚೆ ಮುಗಿಸುವಂತಿಲ್ಲ. ಚರ್ಚೆಗೆ ಮಿತಿ ಇಲ್ಲದ್ದರಿಂದಲೇ 2017ರಲ್ಲಿ ಅಲ್ಲಿನ ಕಲಾಪ ಸಮಿತಿಯ ಒಂದು ಸಭೆ ಮಾರ್ಚ್ 21ಕ್ಕೆ ಶುರುವಾಗಿ ಮೇ 2ರವರೆಗೆ ಎಳೆಯಿತು. ನಡುವೆ ನಿಲ್ಲಿಸಿ ಮತ್ತೆ ಸೇರಿದರೂ ದಾಖಲೆಯಲ್ಲಿ ಅದು ಒಂದೇ ಸಭೆ.

ಇಷ್ಟಾದರೂ ನಾನು ಕೆನಡಾದ್ದನ್ನು ಬಿಡುವುದಿಲ್ಲ. ಪರಿಹಾರವೂ ಅದೇ ನಿಯಮದಲ್ಲಿದೆ. ಸಮಿತಿಯೇ ಮೊದಲು ಸಮಯದ ಮಿತಿ ಹಾಕಿಕೊಂಡಿದ್ದರೆ ಅದು ನಡೆಯುತ್ತದೆ. ನಾವು ತಲಾ ಎರಡು ನಿಮಿಷ ಅಂತ ಹಾಕಿಕೊಂಡೆವು. ಮೂಲ ಗೊತ್ತುವಳಿಯ ಹೆಸರುಗಳಿಗೆ ಬಿಳಿ ಹಾಳೆ, ತಿದ್ದುಪಡಿಗೆ ಹಳದಿ ಹಾಳೆ. ತಿದ್ದುಪಡಿ ಬಂದ ಕೂಡಲೇ ಹಳದಿ ಹಾಳೆ ಹೊಸದಾಗಿ ಶುರು, ಬಿಳಿ ಹಾಳೆಯ ಕ್ರಮ ಹಾಗೇ ಕಾದಿರುತ್ತದೆ. ಕ್ರಿಯಾಲೋಪ ಎತ್ತಿದಾಗ ಮಾತಾಡುತ್ತಿದ್ದವರ ಗಡಿಯಾರ ನಿಲ್ಲುತ್ತದೆ. ಅಧ್ಯಕ್ಷರ ತೀರ್ಪು ಒಪ್ಪದವರು ಮತಕ್ಕೆ ಹಾಕಬಹುದು, ಅದರ ಮೇಲೆ ಚರ್ಚೆ ಇಲ್ಲ. ಕೆನಡಾದಲ್ಲೂ ಹಾಗೇ.

ಬ್ರಿಟನ್ನಿನಲ್ಲಿ ಸದಸ್ಯರು ಮೊದಲೇ ಕೂತು ಪ್ರಶ್ನೆ ಹಂಚಿಕೊಳ್ಳುತ್ತಾರೆ. ಒಳ್ಳೆಯದೇ, ಆದರೆ ಅಷ್ಟು ತಯಾರಿಗೆ ನಮಗೆ ಬಿಡುವಿಲ್ಲ.

ಖರ್ಚಿನ ವಿಷಯ ಹೇಳುವುದಾದರೆ ಮೇಜಿನ ಗಂಟೆ ಒಂದು, ಎರಡು ಬಣ್ಣದ ಹಾಳೆ, ಫೋನಿನ ಸ್ಟಾಪ್‌ವಾಚ್ ಸಾಕು. ಆದರೆ ಹೆಸರು ಬರೆಯಲು ಕ್ಲರ್ಕ್ ಆಗಿ ಒಬ್ಬ ಚುರುಕಿನ ವಿದ್ಯಾರ್ಥಿ ಬೇಕೇ ಬೇಕು. ನಿಮ್ಮಲ್ಲಿ ಏಳೆಂಟೇ ಜನ ಇದ್ದು ಎಲ್ಲರೂ ಗೌರವಿಸುವ ಅಧ್ಯಕ್ಷರು ಇದ್ದರೆ ಲೋಕಸಭೆಯ ಪದ್ಧತಿಯನ್ನೇ ನಡೆಸಿ. ನನ್ನ ತರಗತಿ ದೊಡ್ಡದು, ಪೀರಿಯಡ್ ಒಂದೇ ಗಂಟೆ. ನನಗೆ ಬರೆದಿಟ್ಟ ಸರದಿಯೇ ಬೇಕು.

ಪಕ್ಷೇತರರಿಗೆ, ಸದನದಲ್ಲಿ ಮಾನ್ಯತೆ ಇಲ್ಲದ ಸಣ್ಣ ಪಕ್ಷದವರಿಗೆ ಮಾತ್ರ ಈ ಪದ್ಧತಿಯಲ್ಲಿ ಅನ್ಯಾಯವಿದೆ. 2025ರ ಚುನಾವಣೆಯಲ್ಲಿ ಎನ್‌ಡಿಪಿಗೆ ಏಳೇ ಸ್ಥಾನ ಬಂದವು. ಪಕ್ಷದ ಮಾನ್ಯತೆಗೆ ಬೇಕಾದ ಹನ್ನೆರಡು ಸ್ಥಾನ ಇಲ್ಲದೆ ಸಮಿತಿಗಳಲ್ಲಿ ಅವರ ಸರದಿಯೂ ಹೋಯಿತು. ನಮ್ಮಲ್ಲಿ ಎರಡನೇ ಸುತ್ತಿನ ಕೊನೆಗೆ ಪಕ್ಷೇತರ ವಿದ್ಯಾರ್ಥಿಗೆ ಒಂದು ನಿಮಿಷ ಇಟ್ಟಿದ್ದೇನೆ. ಮುಂದಿನ ವರ್ಷ ಅದನ್ನು ಎರಡು ನಿಮಿಷ ಮಾಡಿ ಮೊದಲ ಸುತ್ತಿಗೇ ತರುತ್ತೇನೆ.