ಫೇಸ್‌ಬುಕ್‌ನ ಟ್ಯಾಗ್ ರಿವ್ಯೂ: ವೃತ್ತಿಯಲ್ಲಿರುವವರಿಗೆ ಎಷ್ಟು ಪ್ರಯೋಜನ?

ಬ್ರಹ್ಮಕಲಶದ ಆಮಂತ್ರಣ, ಕಂಬಳದ ಪೋಸ್ಟರ್, ಚುನಾವಣೆ ಬಂತೆಂದರೆ ಪಕ್ಷದ ಬ್ಯಾನರ್: ಯಾವುದೇ ಇರಲಿ, ಹತ್ತಿಪ್ಪತ್ತು ಮಂದಿಯನ್ನು ಟ್ಯಾಗ್ ಮಾಡದಿದ್ದರೆ ಕರಾವಳಿಯವರಿಗೆ ಸಮಾಧಾನವಿಲ್ಲ. ಮಾಡುವವರಿಗೆ ಅದು ಪ್ರೀತಿ. ಆದರೆ ಕದ್ರಿಯ ಡಾಕ್ಟರ ಅಥವಾ ಮಣಿಪಾಲದ ಉಪನ್ಯಾಸಕರ ಪ್ರೊಫೈಲಿನಲ್ಲಿ ಪಕ್ಷದ ಬ್ಯಾನರ್ ಬಂದು ಕೂತರೆ, ನೋಡಿದವರು ಅವರೇ ಹಾಕಿದ್ದೆಂದು ತಿಳಿಯುತ್ತಾರೆ.

ಇದಕ್ಕೆ ಫೇಸ್‌ಬುಕ್ ಕೊಟ್ಟಿರುವ ಉಪಾಯ ಟ್ಯಾಗ್ ರಿವ್ಯೂ. ಸೆಟ್ಟಿಂಗ್ಸ್‌ನಲ್ಲಿ 'ಪ್ರೊಫೈಲ್ ಅಂಡ್ ಟ್ಯಾಗಿಂಗ್' ತೆರೆದರೆ ಕೆಳಗಡೆ 2 ಸ್ವಿಚ್‌ಗಳಿವೆ. ಒಂದು, ನಿಮ್ಮ ಪೋಸ್ಟಿಗೆ ಬೇರೆಯವರು ಸೇರಿಸುವ ಟ್ಯಾಗ್‌ಗೆ. ಇನ್ನೊಂದು, ಬೇರೆಯವರ ಪೋಸ್ಟಿನಲ್ಲಿ ನಿಮ್ಮನ್ನು ಟ್ಯಾಗ್ ಮಾಡಿದಾಗ ಅದು ನಿಮ್ಮ ಪ್ರೊಫೈಲಿಗೆ ಬರುವ ಮೊದಲು ಒಪ್ಪಿಗೆ ಕೇಳುವುದಕ್ಕೆ. ಹೆಚ್ಚಿನವರು ಒಂದನ್ನು ಆನ್ ಮಾಡಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಎರಡೂ ಬೇಕು.

ಹೀಗೆ ಮಾಡಿದ ಮೇಲೆ ಪ್ರೊಫೈಲ್ ಸ್ವಚ್ಛವಾಗಿರುತ್ತದೆ, ಅದರಲ್ಲಿ ದೋಷ ಹೇಳುವಂತಿಲ್ಲ. ಆದರೆ ಒಪ್ಪಿಗೆ ಕೊಡದ ಟ್ಯಾಗ್ ಮಾಯವಾಗುವುದಿಲ್ಲ. ಹಾಕಿದವರ ಗೋಡೆಯಲ್ಲಿ, ಅವರ ಗೆಳೆಯರ ಫೀಡಿನಲ್ಲಿ ನಿಮ್ಮ ಹೆಸರು ಹಾಗೆಯೇ ಇರುತ್ತದೆ. ಅದು ಹೋಗಬೇಕಾದರೆ ಆ ಪೋಸ್ಟಿನ ಮೂರು ಚುಕ್ಕಿ ಒತ್ತಿ 'ರಿಮೂವ್ ಟ್ಯಾಗ್' ಕೊಡಬೇಕು. ಆಗಲೂ ಹೋಗುವುದು ಹೆಸರಿನ ಕೊಂಡಿ ಮಾತ್ರ, ಫೋಟೋ ಅಲ್ಲ. ಫೋಟೋ ತೆಗೆಸಲು ಹಾಕಿದವರಿಗೇ ಫೋನ್ ಮಾಡುವುದು ಒಳ್ಳೆಯದು. ಅಲ್ಲೇ ಕಮೆಂಟಿನಲ್ಲಿ ಕೇಳಿದರೆ ನೋಡದವರೂ ಬಂದು ನೋಡುತ್ತಾರೆ.

ಹಳೆಯ ಪೋಸ್ಟುಗಳಿಗೆ 'ಲಿಮಿಟ್ ಪಾಸ್ಟ್ ಪೋಸ್ಟ್ಸ್' ಇದೆ. ಪಬ್ಲಿಕ್ ಆಗಿದ್ದವನ್ನೆಲ್ಲ ಒಂದೇ ಸಲಕ್ಕೆ ಫ್ರೆಂಡ್ಸ್‌ಗೆ ಇಳಿಸುತ್ತದೆ. ಹಿಂದೆ ತರಲು ಅಂಥ ಒಂದೇ ಗುಂಡಿ ಇಲ್ಲ, ಪೋಸ್ಟ್ ಪೋಸ್ಟ್ ಹಿಡಿದು ಬದಲಿಸಬೇಕು. ವೃತ್ತಿಯ ಬರಹಗಳನ್ನು ಜನ ಓದಲೆಂದೇ ಪಬ್ಲಿಕ್ ಇಟ್ಟವರು ಇದನ್ನು ಮುಟ್ಟದೆ, ಫೇಸ್‌ಬುಕ್‌ನಲ್ಲಿ ನೀವು ಮಾಡಿದ್ದೆಲ್ಲ ಪಟ್ಟಿಯಾಗಿ ಸಿಗುವ ಆಕ್ಟಿವಿಟಿ ಲಾಗ್‌ನಲ್ಲಿ ವರ್ಷವಾರು ಸೋಸುವುದೇ ವಾಸಿ. ಬೇಡದ್ದನ್ನು ಆರ್ಕೈವ್‌ಗೆ ಹಾಕಿದರೆ ನಿಮಗೆ ಮಾತ್ರ ಕಾಣುತ್ತದೆ. ಟ್ರ್ಯಾಶ್‌ಗೆ ಹಾಕಿದ್ದು 30 ದಿನದ ನಂತರ ಅಳಿದುಹೋಗುತ್ತದೆ.

ಎಡವಟ್ಟು ಹೆಚ್ಚಾಗಿ ಆಗುವುದು ಕಮೆಂಟುಗಳಲ್ಲಿ. ಸುದ್ದಿ ಪೇಜಿನ ಕೆಳಗೆ ರಾತ್ರಿ ಹನ್ನೊಂದಕ್ಕೆ ಸಿಟ್ಟಿನಲ್ಲಿ ಬರೆದ ಎರಡು ಸಾಲು ಪಬ್ಲಿಕ್. ಮೇಲೆ ಹೇಳಿದ ಯಾವ ಸೆಟ್ಟಿಂಗೂ ಅದನ್ನು ಮುಚ್ಚುವುದಿಲ್ಲ. ಆಕ್ಟಿವಿಟಿ ಲಾಗ್‌ನ ಕಮೆಂಟ್ಸ್ ವಿಭಾಗಕ್ಕೆ ಹೋಗಿ ಹುಡುಕಿ ಅಳಿಸಬೇಕು. ಬೇಜಾರಿನ ಕೆಲಸ, ಆದರೆ ಮೊದಲು ಮಾಡಬೇಕಾದ್ದು ಇದೇ. ಕೊನೆಗೆ 'ವ್ಯೂ ಆಸ್' ಒತ್ತಿ ಅಪರಿಚಿತರಿಗೆ ಏನು ಕಾಣುತ್ತದೆಂದು ನೋಡಿ. ಅಬೌಟ್ ವಿಭಾಗವನ್ನೂ ಬಿಡಬೇಡಿ: ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೇ ವಿಲೀನವಾದವು. ಅಲ್ಲಿದ್ದವರು ಈಗಲೂ 'ವರ್ಕ್ಸ್ ಅಟ್' ಎಂದು ಆ ಹೆಸರನ್ನೇ ಉಳಿಸಿಕೊಂಡಿದ್ದರೆ ಊರಿನ ಅಭಿಮಾನ ಅರ್ಥವಾಗುತ್ತದೆ, ಆದರೆ ಕೆಲಸ ಕೊಡುವವರಿಗೆ ಅದು ಅಜಾಗ್ರತೆಯಾಗಿ ಕಾಣುತ್ತದೆ.

ವಕೀಲರ ಕಷ್ಟ ಬೇರೆಯೇ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ಜಾಹೀರಾತಿಗೆ ಅವಕಾಶ ಕೊಡುವುದಿಲ್ಲ. 'ನಮ್ಮ ವಕೀಲರು ಕೇಸು ಗೆಲ್ಲಿಸಿಕೊಟ್ಟರು' ಎಂದು ಕಕ್ಷಿದಾರ ಹಾಕಿದ ಟ್ಯಾಗಿಗೆ ಒಪ್ಪಿಗೆ ಕೊಡದೆ ಇರುವುದೇ ಕ್ಷೇಮ. ಡಾಕ್ಟರುಗಳು ರೋಗಿ ಹಾಕಿದ ಡಿಸ್ಚಾರ್ಜ್ ಫೋಟೋಗೂ ಹಾಗೆಯೇ ಮಾಡಬಹುದು.

ಫೇಸ್‌ಬುಕ್ ಆಚೆಗೆ ಹೆಸರಿನ ಮೇಲೆ ಕಣ್ಣಿಡಲು, ವೆಬ್‌ನಲ್ಲಿ ಹೆಸರು ಹೊಸದಾಗಿ ಕಂಡಾಗ ಇಮೇಲ್ ಕಳಿಸುವ ಗೂಗಲ್ ಅಲರ್ಟ್ಸ್ ಉಚಿತ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಭಾಷೆ 'ಎನಿ', ಎಷ್ಟು ಎಂಬಲ್ಲಿ 'ಆಲ್ ರಿಸಲ್ಟ್ಸ್' ಆರಿಸಿ. ನಮ್ಮಲ್ಲಿ ಒಂದು ಅಲರ್ಟ್ ಸಾಲದು. ಪೂಜಾರಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ಕೊನೆಗೆ ವೈ ಹಾಕಿದರೆ ಕೆಲವರು ಐ ಹಾಕುತ್ತಾರೆ, ಭಟ್‌ಗೆ ಒಂದು ಟಿ ಅಥವಾ ಎರಡು. ಪ್ರತಿ ಬರಹಕ್ಕೂ ಒಂದು, ಕನ್ನಡ ಲಿಪಿಗೆ ಇನ್ನೊಂದು ಬೇಕು. ಒಂದೇ ಹೆಸರಿನ ಶೆಟ್ಟರು ಬೀದಿಗೊಬ್ಬರು ಇರುವುದರಿಂದ ಜೊತೆಗೆ ಊರಿನ ಅಥವಾ ಸಂಸ್ಥೆಯ ಹೆಸರನ್ನೂ ಸೇರಿಸಿ. ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುವ ಸ್ಕ್ರೀನ್‌ಶಾಟ್ ಮಾತ್ರ ಅಲರ್ಟ್ಸ್ ಕೈಗೆ ಸಿಗುವುದಿಲ್ಲ.

ಉದ್ಯೋಗದ ಜಾಲತಾಣ ಲಿಂಕ್ಡ್‌ಇನ್ ಬಗ್ಗೆ ಒಂದೇ ಮಾತು: ಕೆಲಸ ಹುಡುಕುತ್ತಿದ್ದೇನೆಂದು ತಿಳಿಸುವ 'ಓಪನ್ ಟು ವರ್ಕ್' ಅನ್ನು ರಿಕ್ರೂಟರ್‌ಗಳಿಗೆ ಮಾತ್ರ ಎಂದಿಟ್ಟರೂ ಗುಟ್ಟು ಉಳಿಯುವ ಖಾತರಿ ಕೊಡಲಾಗದು ಎಂದು ಕಂಪೆನಿಯೇ ಹೇಳುತ್ತದೆ. ಮಂಗಳೂರಿನಲ್ಲಂತೂ ರಿಕ್ರೂಟರ್ ನಿಮ್ಮ ಮ್ಯಾನೇಜರರ ನೆಂಟರಾಗಿರುವ ಸಾಧ್ಯತೆ ಸಣ್ಣದಲ್ಲ.

ಐದಕ್ಕೆ ಅಂಕ ಕೊಡುವುದಾದರೆ ಟ್ಯಾಗ್ ರಿವ್ಯೂಗೆ ಮೂರೂವರೆ, ಆಕ್ಟಿವಿಟಿ ಲಾಗ್‌ಗೆ ನಾಲ್ಕು, ಅಲರ್ಟ್ಸ್‌ಗೆ ಎರಡೂವರೆ.